ಎಲ್ಸಾಳನ್ನು ಕಾಡಿಗೆ ಕಳಿಸಿಕೊಟ್ಟವರು

ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು, ಯಾರೂ ಮುಖ ಆಚೆ ತಿರುಗಿಸದೆ ನೋಡಬಹುದಾದ ಸಿನಿಮಾ ಯಾವುದು? ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದ ನನ್ನನ್ನು ಪರಿಚಯದ ತಂದೆತಾಯಿಗಳು ಆಗಾಗ ಈ ಪ್ರಶ್ನೆ ಕೇಳುತ್ತಾರೆ. ನನ್ನ ಉತ್ತರ ಇಷ್ಟು ವರ್ಷವಾದರೂ ಬದಲಾಗಿಲ್ಲ. 1966ರಲ್ಲಿ ತೆರೆಕಂಡ ‘ಬಾರ್ನ್ ಫ್ರೀ’ ಎಂಬ ಇಂಗ್ಲಿಷ್ ಚಿತ್ರ.

ಅದು ಹಳೆಯ ಕಾಲದ ಚಿತ್ರ. ಕಥೆ ನಿಧಾನವಾಗಿ ಸಾಗುತ್ತದೆ. ಹೊಡೆದಾಟವಿಲ್ಲ, ಖಳನಾಯಕನಿಲ್ಲ. ಕಂಪ್ಯೂಟರಿನಲ್ಲಿ ಬಿಡಿಸಿದ ಮೃಗಗಳಿಲ್ಲ. ಪರದೆಯ ಮೇಲೆ ಓಡಾಡುವುದೆಲ್ಲ ನಿಜವಾದ ಸಿಂಹಗಳೇ. ಗಂಡ ಹೆಂಡತಿ ಇಬ್ಬರು ಒಂದು ಸಿಂಹದ ಮರಿಯನ್ನು ಸಾಕುತ್ತಾರೆ, ದೊಡ್ಡದಾದ ಮೇಲೆ ಅದನ್ನು ಕಾಡಿಗೆ ಬಿಡುತ್ತಾರೆ. ಕಥೆ ಎಂದರೆ ಇಷ್ಟೇ. ಆದರೆ ‘ಸಾಕುತ್ತಾರೆ’ ಮತ್ತು ‘ಬಿಡುತ್ತಾರೆ’ ಎಂಬ ಎರಡು ಮಾತುಗಳ ನಡುವೆ ಎಷ್ಟು ದೂರವಿದೆ ಎಂಬುದನ್ನು ಈ ಚಿತ್ರ ತೋರಿಸುವಷ್ಟು ಚೆನ್ನಾಗಿ ತೋರಿಸಿದ ಬೇರೊಂದನ್ನು ನಾನು ನೋಡಿಲ್ಲ.

ನಡೆದ ಕಥೆ

ಇದು ಕಟ್ಟುಕಥೆಯಲ್ಲ. ಜಾರ್ಜ್ ಆಡಮ್ಸನ್ ಕೀನ್ಯಾ ದೇಶದ ಉತ್ತರದ ಗಡಿ ಪ್ರಾಂತ್ಯದಲ್ಲಿ ವನ್ಯಜೀವಿಗಳ ಮೇಲ್ವಿಚಾರಣೆ ನೋಡಿಕೊಳ್ಳುವ ಅಧಿಕಾರಿಯಾಗಿದ್ದರು. ಅವರು ಹುಟ್ಟಿದ್ದು 1906ರಲ್ಲಿ, ನಮ್ಮ ದೇಶದ ಇಟಾವಾದಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. 1956ರ ಫೆಬ್ರುವರಿ 1ರಂದು ಕಾಡಿನಲ್ಲಿ ಒಂದು ಹೆಣ್ಣು ಸಿಂಹ ಅವರ ಮೇಲೆ ಏರಿ ಬಂತು. ಜೀವ ಉಳಿಸಿಕೊಳ್ಳಲು ಗುಂಡು ಹಾರಿಸಿದರು. ಅದು ಸತ್ತ ಮೇಲೆ, ಹತ್ತಿರದ ಬಂಡೆಯ ಸಂದಿಯಲ್ಲಿ ಮೂರು ಹೆಣ್ಣು ಮರಿಗಳು ಸಿಕ್ಕವು. ತಾಯಿ ಯಾಕೆ ಹಾಗೆ ಏರಿ ಬಂದಿತ್ತು ಎಂಬುದು ಅವರಿಗೆ ತಿಳಿದದ್ದು ಆಗ.

ಮರಿಗಳು ಮನೆಗೆ ಬಂದವು. ಜಾರ್ಜರ ಹೆಂಡತಿ ಜಾಯ್ ಚಿತ್ರ ಕಲಾವಿದೆ. ಆಫ್ರಿಕದ ಗಿಡಮರಗಳ, ಬುಡಕಟ್ಟು ಜನರ ಚಿತ್ರಗಳನ್ನು ಬರೆದು ಹೆಸರು ಮಾಡಿದಾಕೆ. ಅವರಿಗೆ ಮಕ್ಕಳಿರಲಿಲ್ಲ. ಆಕೆ ಆಗಲೇ ಸಾಕಿಕೊಂಡಿದ್ದ, ಮೊಲದಷ್ಟು ಗಾತ್ರದ ಹೈರಾಕ್ಸ್ ಎಂಬ ಪ್ರಾಣಿಯೊಂದು ಈ ಸಿಂಹದ ಮರಿಗಳಿಗೆ ದಾದಿಯಂತೆ ಹಿಂದೆ ಮುಂದೆ ಓಡಾಡುತ್ತಿತ್ತು. ಮರಿಗಳು ಬೆಳೆದಂತೆ ಮೂರನ್ನೂ ಇಟ್ಟುಕೊಳ್ಳುವುದು ಕಷ್ಟವಾಯಿತು. ದೊಡ್ಡವೆರಡು ಹಾಲೆಂಡಿನ ರಾಟರ್‌ಡ್ಯಾಮ್ ಮೃಗಾಲಯಕ್ಕೆ ಹೋದವು. ಎಲ್ಲಕ್ಕಿಂತ ಚಿಕ್ಕದು ಉಳಿಯಿತು. ಅದೇ ಎಲ್ಸಾ.

ಎಲ್ಸಾಳಿಗೆ ಎರಡು ವರ್ಷ ಕಳೆದಾಗ ಪ್ರಶ್ನೆ ಎದ್ದಿತು. ಇವಳನ್ನೂ ಮೃಗಾಲಯಕ್ಕೆ ಕಳಿಸುವುದೇ, ಕಾಡಿಗೆ ಬಿಡುವುದೇ? ಮೃಗಾಲಯದಲ್ಲಿ ಹೊತ್ತಿಗೆ ಸರಿಯಾಗಿ ಮಾಂಸ ಸಿಗುತ್ತದೆ, ಕಾಯಿಲೆಗೆ ವೈದ್ಯರಿರುತ್ತಾರೆ, ಅಪಾಯವಿಲ್ಲ. ಕಾಡಿನಲ್ಲಿ ಇದಾವುದರ ಭರವಸೆಯೂ ಇಲ್ಲ. ಚಿತ್ರದಲ್ಲಿ ಈ ವಿಷಯ ಗಂಡ ಹೆಂಡತಿಯರ ನಡುವಿನ ವಾದವಾಗಿ ಬರುತ್ತದೆ. ಗಂಡ ಸುಖ, ಸುರಕ್ಷತೆಯ ಮಾತಾಡುತ್ತಾನೆ. ಹೆಂಡತಿ ಪಟ್ಟು ಬಿಡುವುದಿಲ್ಲ. ಕೊನೆಗೆ ಎಲ್ಸಾ ಕಾಡಿನ ದಾರಿ ಹಿಡಿಯುತ್ತಾಳೆ.

ಜಾಯ್ ಬರೆದ ಪುಸ್ತಕ 1960ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಓದುಗರನ್ನು ಪಡೆಯಿತು. ಆರು ವರ್ಷದ ನಂತರ ಜೇಮ್ಸ್ ಹಿಲ್ ಅದನ್ನು ಚಿತ್ರವಾಗಿ ನಿರ್ದೇಶಿಸಿದರು. ಜಾಯ್ ಮತ್ತು ಜಾರ್ಜರ ಪಾತ್ರ ವಹಿಸಿದ ವರ್ಜೀನಿಯಾ ಮೆಕೆನ್ನಾ, ಬಿಲ್ ಟ್ರಾವರ್ಸ್ ನಿಜಜೀವನದಲ್ಲೂ ದಂಪತಿಗಳು. ಜಾನ್ ಬ್ಯಾರಿಯವರ ಸಂಗೀತಕ್ಕೂ ಚಿತ್ರದ ಹಾಡಿಗೂ ಆಸ್ಕರ್ ಪ್ರಶಸ್ತಿ ಬಂತು. ಸಿಂಹಗಳ ಜೊತೆ ಹೇಗಿರಬೇಕೆಂದು ನಟರಿಗೆ ಹೇಳಿಕೊಡಲು ಸ್ವತಃ ಜಾರ್ಜ್ ಆಡಮ್ಸನ್ ಚಿತ್ರೀಕರಣದ ಜಾಗದಲ್ಲಿದ್ದರು.

ಅಮ್ಮ ನೋಡಿದ ಸಿನಿಮಾ

ನಾನು ಈ ಚಿತ್ರ ನೋಡಿದ್ದು 1970ರ ದಶಕದ ಆರಂಭದಲ್ಲಿ, ಶಿವಮೊಗ್ಗೆಯ ಒಂದು ಟಾಕೀಸಿನಲ್ಲಿ, ಭಾನುವಾರ ಬೆಳಗಿನ ಆಟದಲ್ಲಿ. ಹೈಸ್ಕೂಲು ಓದಲು ಚಿಕ್ಕಮ್ಮನ ಮನೆಯಲ್ಲಿದ್ದೆ. ಊರಿನಿಂದ ಅಮ್ಮ ಬಂದಿದ್ದಳು. ಅವಳಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಪಕ್ಕದಲ್ಲಿ ಕೂತ ಚಿಕ್ಕಪ್ಪ ಆಗಾಗ ಪಿಸುಗುಟ್ಟಿ ಕಥೆ ಹೇಳುತ್ತಿದ್ದರು. ಅರ್ಧಕ್ಕೆ ಬರುವ ಹೊತ್ತಿಗೆ, “ಸುಮ್ನಿರಿ ಭಾವ, ನಂಗೆ ಗೊತ್ತಾಗ್ತದೆ” ಎಂದು ಅಮ್ಮ ಅವರನ್ನು ಸುಮ್ಮನಾಗಿಸಿದಳು.

ಅವಳಿಗೆ ಗೊತ್ತಾಗುವುದಕ್ಕೆ ಕಾರಣವಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ನಾನು ಚಿಕ್ಕವಳಿದ್ದಾಗ, ಒಂದು ಕಡವೆ ಮರಿ ಇತ್ತು. ಸೊಪ್ಪಿನಬೆಟ್ಟಕ್ಕೆ ಸೊಪ್ಪು ಕಡಿಯಲು ಹೋದ ಆಳು ಪೊದೆಯಲ್ಲಿ ಒಂಟಿಯಾಗಿ ಮಲಗಿದ್ದ ಮರಿಯನ್ನು ಕಂಡು, ತಾಯಿ ಇಲ್ಲವೆಂದುಕೊಂಡು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ಆಗಿನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿರಲಿಲ್ಲ. ಅಜ್ಜಯ್ಯ ಬೇಡವೆನ್ನಲಿಲ್ಲ. ನಾವು ಕೂಸುಗಳಾಗಿದ್ದಾಗ ಹಾಲು ಕುಡಿಸುತ್ತಿದ್ದ ಬೆಳ್ಳಿಯ ಒಳಲೆಯನ್ನೇ ತೆಗೆದು ಅಮ್ಮ ಅದಕ್ಕೆ ಹಸುವಿನ ಹಾಲು ಕುಡಿಸಿದಳು. ಗೌರಿ ಎಂದು ಹೆಸರಿಟ್ಟಳು.

ಗೌರಿ ಕೊಟ್ಟಿಗೆಯಲ್ಲಿ ಕರುಗಳ ಜೊತೆ ಬೆಳೆಯಿತು. ಅಂಗಳದಲ್ಲಿ ಒಣಗಿಸಿದ ಅಡಿಕೆಯ ಮೇಲೆ ನಡೆದು ಬೈಸಿಕೊಳ್ಳುತ್ತಿತ್ತು. ಅಮ್ಮ ಬಾವಿಕಟ್ಟೆಗೆ ಹೋದರೆ ಬಾವಿಕಟ್ಟೆಗೆ, ತೋಟಕ್ಕೆ ಹೋದರೆ ತೋಟಕ್ಕೆ. ನಮ್ಮ ಮನೆಯ ನಾಯಿ ಮತ್ತು ಅದು ಒಂದೇ ಗೋಣಿತಾಟಿನ ಮೇಲೆ ಮಲಗುತ್ತಿದ್ದವು. ಬಂದವರೆಲ್ಲ ಇದನ್ನು ಕಂಡು ಕಣ್ವಾಶ್ರಮವೇ ಸರಿ ಎಂದು ಹೊಗಳಿ ಹೋಗುತ್ತಿದ್ದರು. ಮುಸ್ಸಂಜೆ ಹೊತ್ತಿನಲ್ಲಿ ಗುಡ್ಡದ ಕಡೆಯಿಂದ ಕಡವೆಗಳ ಕೂಗು ಕೇಳಿದರೆ ಗೌರಿ ಕಿವಿ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಿತ್ತು. ಬೇಲಿಯ ತನಕ ಹೋಗುತ್ತಿತ್ತು. ಸ್ವಲ್ಪ ಹೊತ್ತು ನಿಂತು ತಿರುಗಿ ಬರುತ್ತಿತ್ತು.

ಎರಡನೆಯ ವರ್ಷ ಒಂದು ಬೆಳಗ್ಗೆ ಪಕ್ಕದ ಊರಿನ ಮೂರು ನಾಯಿಗಳು ಗದ್ದೆಬಯಲಿಗೆ ಬಂದವು. ಗೌರಿ ಓಡಲಿಲ್ಲ. ಓಡಿದ್ದರೆ ಯಾವ ನಾಯಿಗೂ ಸಿಗುತ್ತಿರಲಿಲ್ಲ. ಅದು ಬಾಲ ಅಲ್ಲಾಡಿಸಿಕೊಂಡು ನಾಯಿಗಳ ಎದುರಿಗೇ ಹೋಯಿತು. ನಾಯಿ ಎಂದರೆ ಅದರ ಪಾಲಿಗೆ ಗೋಣಿತಾಟು ಹಂಚಿಕೊಳ್ಳುವ ಗೆಳೆಯ. ನಾವು ಕೂಗು ಕೇಳಿ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಿನಿಮಾ ಮುಗಿಸಿ ಮನೆಗೆ ಬರುವವರೆಗೂ ಅಮ್ಮ ಮಾತಾಡಲಿಲ್ಲ. ರಾತ್ರಿ ಹಾಸಿಗೆ ಹಾಸುವಾಗ ಹೇಳಿದಳು: “ಸಾಕೋದು ಏನೂ ದೊಡ್ಡದಲ್ಲ ಕಣೇ. ಹಾಲು ಹಾಕಿದ್ರೆ ಯಾವುದಾದ್ರೂ ಬೆಳೀತದೆ. ಆ ಹೆಂಗಸು ಅದಕ್ಕೆ ತನ್ನನ್ನ ಬಿಟ್ಟು ಬದುಕೋದು ಕಲಿಸಿದ್ಳಲ್ಲ, ಅದು ದೊಡ್ಡದು. ನಮ್ಮ ಗೌರಿಗೆ ಯಾರೂ ಕಲಿಸ್ಲಿಲ್ಲ.”

ಆ ಚಿತ್ರದ ಬಗ್ಗೆ ಆಮೇಲೆ ಎಷ್ಟೋ ಬರಹ ಓದಿದ್ದೇನೆ. ಅಮ್ಮನ ಈ ನಾಲ್ಕು ಮಾತು ಮೀರಿಸುವಂಥದ್ದು ಯಾವುದೂ ಸಿಕ್ಕಿಲ್ಲ.

ಬಿಡುವುದು ಎಂದರೆ ಕೈಬಿಡುವುದಲ್ಲ

ಕಾಡುಪ್ರಾಣಿಯ ಮರಿಗೆ ಬೇಟೆ ರಕ್ತದಲ್ಲೇ ಬಂದಿರುತ್ತದೆ ಎಂದು ನಾವು ತಿಳಿದಿರುತ್ತೇವೆ. ಅದು ಅರ್ಧ ಸತ್ಯ ಮಾತ್ರ. ಹೊಂಚು ಹಾಕುವುದು, ಬೆನ್ನಟ್ಟುವುದು ಸಿಂಹದ ಮರಿಗೆ ತಾನಾಗಿ ಬರುತ್ತದೆ. ಆದರೆ ಹಿಡಿದದ್ದನ್ನು ಕೊಲ್ಲುವುದು ಹೇಗೆ, ಯಾವ ಪ್ರಾಣಿಯ ತಂಟೆಗೆ ಹೋಗಬಾರದು, ಬೇರೆ ಸಿಂಹಗಳ ಗಡಿಯಲ್ಲಿ ಹೇಗೆ ನಡೆದುಕೊಳ್ಳಬೇಕು, ಇವೆಲ್ಲ ಕಲಿತು ಬರಬೇಕಾದ ವಿದ್ಯೆಗಳು. ಸುಮಾರು ಎರಡು ವರ್ಷ ತಾಯಿಯ ಮತ್ತು ಗುಂಪಿನ ಜೊತೆಯಲ್ಲಿದ್ದು ಮರಿ ಇವನ್ನು ಕಲಿಯುತ್ತದೆ. ಎಲ್ಸಾಳಿಗೆ ಆ ಶಾಲೆ ಇರಲಿಲ್ಲ. ಜೀಪಿನ ಮೇಲೆ ಕೂತು ತಿರುಗಾಡಿದವಳು, ಮಂಚದ ಮೇಲೆ ಮಲಗಿದವಳು ಅವಳು.

ಮೊದಲ ಪ್ರಯತ್ನ ಫಲಿಸಲಿಲ್ಲ. ಬಿಟ್ಟ ಜಾಗದ ಹವೆ ಒಗ್ಗದೆ ಎಲ್ಸಾ ಕಾಯಿಲೆ ಬಿದ್ದಳು. ಚಿತ್ರದಲ್ಲಿ, ಒಂಟಿಯಾಗಿ ಬಿಟ್ಟು ಹೋದ ದಂಪತಿಗಳು ಹಿಂತಿರುಗಿ ಬಂದಾಗ ಅವಳು ಸೊರಗಿ, ಗಾಯಗೊಂಡು ಬಿದ್ದಿರುವ ದೃಶ್ಯವಿದೆ. ಆ ದೃಶ್ಯದಲ್ಲಿ ಟಾಕೀಸಿನ ತುಂಬ ಮೂಗು ಸೀಟುವ ಸದ್ದು ಕೇಳಿದ್ದು ನನಗೆ ನೆನಪಿದೆ. ಅಲ್ಲಿ ಆಡಮ್ಸನ್ ದಂಪತಿಗಳು ಏನು ಮಾಡಿದರು ಎಂಬುದೇ ಇಡೀ ಕಥೆಯ ಜೀವಾಳ. ಅವಳನ್ನು ಎತ್ತಿಕೊಂಡು ಬಂದು ಆರೈಕೆ ಮಾಡಿದರು. ಹಾಗೆಂದು ಮನೆಯಲ್ಲಿ ಕಟ್ಟಿಹಾಕಿಕೊಳ್ಳಲಿಲ್ಲ. ಹುಟ್ಟಿದ ಸೀಮೆಗೆ ಹತ್ತಿರವಾದ ಮೇರು ಪ್ರದೇಶಕ್ಕೆ ಕರೆದುಕೊಂಡು ಹೋದರು. ಅಲ್ಲೇ ಡೇರೆ ಹಾಕಿ ಬೇಟೆ ಕಲಿಸಿದರು. ಮೊದಲು ಒಂದೆರಡು ದಿನ, ಆಮೇಲೆ ಇನ್ನೂ ಹೆಚ್ಚು ದಿನ ಎಂದು ದೂರವಿರುವುದನ್ನು ಅಭ್ಯಾಸ ಮಾಡಿಸಿದರು. ಅವಳಿಗಷ್ಟೇ ಅಲ್ಲ, ತಮಗೂ.

1959ರ ಡಿಸೆಂಬರಿನಲ್ಲಿ ಎಲ್ಸಾ ಕಾಡಿನಲ್ಲಿ ಮೂರು ಮರಿ ಹಾಕಿದಳು. ವಾರಗಟ್ಟಲೆ ಅವನ್ನು ಎಲ್ಲೋ ಅಡಗಿಸಿಟ್ಟಳು. 1960ರ ಫೆಬ್ರುವರಿಯಲ್ಲಿ ಒಂದು ದಿನ ತಾನಾಗಿಯೇ ಮರಿಗಳನ್ನು ಹೊಳೆ ದಾಟಿಸಿ ಡೇರೆಯ ಬಳಿಗೆ ಕರೆತಂದಳು. ಬಿಟ್ಟುಕೊಟ್ಟವರಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಬೇಕೆ? ಚಿತ್ರ ಇಲ್ಲಿಗೆ ಮುಗಿಯುತ್ತದೆ. ಮರಿಗಳನ್ನು ಮುಟ್ಟದೆ, ಮುದ್ದಿಸದೆ, ಅವು ಕಾಡಿನವಾಗಿಯೇ ಉಳಿಯಲಿ ಎಂದು ದಂಪತಿಗಳು ದೂರ ನಿಲ್ಲುತ್ತಾರೆ.

1990ರ ದಶಕದಲ್ಲಿ ನಮ್ಮ ಮಗಳು ಶಿರಸಿಯ ಅರಣ್ಯ ಕಾಲೇಜಿಗೆ ಸೇರುತ್ತೇನೆಂದು ಹಟ ಹಿಡಿದಾಗ ನನಗೆ ಈ ಕಥೆ ಉಪಯೋಗಕ್ಕೆ ಬಂತು. ನಮ್ಮವರಿಗೆ ಒಬ್ಬಳೇ ಮಗಳನ್ನು ಅಷ್ಟು ದೂರ ಕಳಿಸಲು ಮನಸ್ಸಿರಲಿಲ್ಲ. ಮನೆಯಿಂದ ನಡೆದೇ ಹೋಗಬಹುದಾದ ಕಾಲೇಜು ಊರಲ್ಲೇ ಇತ್ತು. ಕಳಿಸುವುದು ನಿಶ್ಚಯವಾದ ಮೇಲೆ ಎರಡು ತಿಂಗಳು ಅವಳಿಗೆ ಬೇರೆಯೇ ಪಾಠ ನಡೆಯಿತು. ಬ್ಯಾಂಕಿನಲ್ಲಿ ಚಲನ್ ತುಂಬುವುದು, ಬಸ್ಸಿನ ವೇಳೆ ತಾನೇ ವಿಚಾರಿಸಿ ಒಬ್ಬಳೇ ಹೋಗಿಬರುವುದು, ಅನ್ನ ಸಾರು ಮಾಡಿಕೊಳ್ಳುವುದು, ಬೇಡವಾದದ್ದಕ್ಕೆ ಬೇಡ ಎಂದು ಗಟ್ಟಿಯಾಗಿ ಹೇಳುವುದು. ಕೊನೆಯದು ಎಲ್ಲಕ್ಕಿಂತ ಕಷ್ಟದ ಪಾಠವಾಗಿತ್ತು.

ಆದರೂ ಮೂರನೆಯ ವಾರ ಎಸ್‌ಟಿಡಿ ಬೂತಿನಿಂದ ಫೋನು ಬಂತು. ಆ ಕಡೆ ಬರೀ ಅಳು. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ವಾಪಸು ಬರುತ್ತೇನೆ. ನಮ್ಮವರು ಆಗಲೇ ಚೀಲ ತೆಗೆದರು, “ನಾಳೆನೇ ಹೋಗಿ ಕರ್ಕೊಂಡು ಬರ್ತೀನಿ” ಎಂದು. ನಾನು, “ಹೋಗೋಣ, ಆದರೆ ಕರ್ಕೊಂಡು ಬರೋದಕ್ಕಲ್ಲ” ಎಂದೆ. ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆಯಿಲ್ಲ. ಮಗು ನಿಜವಾಗಿಯೂ ಸೊರಗಿದ್ದರೆ ಏನು ಗತಿ ಎಂಬ ಭಯ ನನಗೂ ಇತ್ತು. ಶನಿವಾರ ಹೋಗಿ ಎರಡು ದಿನ ಇದ್ದೆವು. ಅವಳಿಗೆ ಹೊಟ್ಟೆತುಂಬ ಉಣ್ಣಿಸಿ, ಮಾರಿಕಾಂಬೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಹಾಸ್ಟೆಲಿನ ಗೆಳತಿಯರನ್ನು ಮಾತಾಡಿಸಿ, ಸೋಮವಾರ ಬೆಳಗ್ಗೆ ಬಸ್ಸು ಹತ್ತಿದೆವು. ಹದಿನೈದು ದಿನ ಬಿಟ್ಟು ಮತ್ತೆ ಬರುತ್ತೇವೆ ಎಂದು ಹೇಳಿದ ಹಾಗೆಯೇ ಹೋದೆವು. ಆಮೇಲೆ ತಿಂಗಳಿಗೊಮ್ಮೆ. ಎರಡನೆಯ ವರ್ಷ ಅವಳೇ, “ಈ ತಿಂಗಳು ಬರಬೇಡಿ, ಕಾಡಿಗೆ ಕ್ಯಾಂಪ್ ಇದೆ” ಎಂದು ಕಾಗದ ಬರೆದಳು. ಆ ಕಾಗದ ಓದಿ ಸಂತೋಷವೂ ಆಯಿತು, ಹೊಟ್ಟೆಯೊಳಗೆ ಒಂದು ಬಗೆಯ ಸಂಕಟವೂ ಆಯಿತು. ಎಲ್ಸಾ ಮೊದಲ ಬಾರಿಗೆ ರಾತ್ರಿ ಡೇರೆಗೆ ಬಾರದೆ ಉಳಿದಾಗ ಜಾಯ್‌ಗೂ ಹೀಗೆಯೇ ಆಗಿರಬೇಕು.

ತೆರೆಯ ಆಚೆಗೆ

ವಿದ್ಯಾರ್ಥಿಗಳು ಚಿತ್ರ ನೋಡಿ ಕಣ್ಣೊರೆಸಿಕೊಂಡ ಮೇಲೆ ಅದು ಹೇಳದೆ ಬಿಟ್ಟದ್ದನ್ನೂ ತಿಳಿಯಬೇಕು. ಎಲ್ಸಾ ಬಹಳ ಕಾಲ ಬದುಕಲಿಲ್ಲ. 1961ರ ಜನವರಿಯಲ್ಲಿ, ಐದು ವರ್ಷ ತುಂಬುವ ಮೊದಲೇ, ಉಣುಗಿನಿಂದ ಹರಡುವ ಬೇಬಿಸಿಯಾ ಎಂಬ ರಕ್ತದ ಕಾಯಿಲೆಯಿಂದ ಸತ್ತಳು. ತಾಯಿ ಇಲ್ಲದ ಮರಿಗಳು ಸುತ್ತಲ ಹಳ್ಳಿಗಳ ಆಡುಗಳಿಗೆ ಬಾಯಿ ಹಾಕತೊಡಗಿದವು. ಆಡು ಕಳೆದುಕೊಂಡವರ ಸಿಟ್ಟು ನ್ಯಾಯವಾದದ್ದೇ. ಕೊನೆಗೆ ಅವನ್ನು ಹಿಡಿದು ಟಾಂಗನ್ಯಿಕದ ಸೆರೆಂಗೆಟಿಗೆ ಸಾಗಿಸಬೇಕಾಯಿತು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಹಸು ಮತ್ತು ಹುಲಿ ಇಬ್ಬರ ಕಡೆಯಿಂದಲೂ ಯೋಚಿಸುವುದು ಗೊತ್ತು. ಈ ಚಿತ್ರದಲ್ಲಿ ಕೊಟ್ಟಿಗೆಯ ಕಡೆಯವರ ಮಾತು ಕೇಳಿಸುವುದು ಕಡಿಮೆ. ಕೀನ್ಯಾ ಸ್ವತಂತ್ರವಾದದ್ದು 1963ರಲ್ಲಿ. ಚಿತ್ರ ಬಂದದ್ದು ಅದಾದ ಮೇಲೆ. ಆದರೂ ಅಲ್ಲಿಯ ಜನ ಅದರಲ್ಲಿ ಹೆಚ್ಚಾಗಿ ಆಳುಗಳಾಗಿಯೋ, ಹೆದರಿ ಓಡುವ ಹಳ್ಳಿಗರಾಗಿಯೋ ಬರುತ್ತಾರೆ. ಇದನ್ನು ಮಕ್ಕಳಿಗೆ ತೋರಿಸಿಕೊಡುವುದು ಹಿರಿಯರ ಕೆಲಸ.

ಇನ್ನೊಂದು ವಿಪರ್ಯಾಸ ನೋಡಿ. ಸ್ವಾತಂತ್ರ್ಯದ ಮಹಿಮೆ ಹೇಳುವ ಈ ಚಿತ್ರದಲ್ಲಿ ಅಭಿನಯಿಸಿದ ಸಿಂಹಗಳಲ್ಲಿ ಹೆಚ್ಚಿನವು ಚಿತ್ರೀಕರಣ ಮುಗಿದ ಮೇಲೆ ಮೃಗಾಲಯಗಳ ಪಾಲಾದವು. ಬಾಯ್, ಗರ್ಲ್, ಉಗಾಸ್ ಎಂಬ ಮೂರನ್ನು ಮಾತ್ರ ಜಾರ್ಜ್ ಮೇರುವಿನ ಕಾಡಿಗೆ ಒಯ್ದು ಪಳಗಿಸಿದ್ದನ್ನು ಮರೆಸಲು ಹೆಣಗಿದರು. 1971ರಲ್ಲಿ ಬಾಯ್ ಅವರ ಸಹಾಯಕನೊಬ್ಬನನ್ನು ಕೊಂದಿತು. ಮನುಷ್ಯರ ನಡುವೆ ಬೆಳೆದ ಮೃಗಕ್ಕೆ ಮನುಷ್ಯನ ಭಯವಿರುವುದಿಲ್ಲ. ಜಾರ್ಜ್ ತಮ್ಮ ಕೈಯಾರೆ ಅದಕ್ಕೆ ಗುಂಡಿಕ್ಕಿದರು.

ಜಾಯ್ 1980ರಲ್ಲಿ ಕೊಲೆಯಾದರು. ಮೊದಲು ಸಿಂಹ ಕೊಂದಿತೆಂದು ಸುದ್ದಿಯಾಯಿತು. ಆಮೇಲೆ ತಿಳಿದದ್ದು, ಕೊಂದದ್ದು ಮನುಷ್ಯ ಎಂದು. ಜಾರ್ಜ್ 1989ರಲ್ಲಿ ದರೋಡೆಕೋರರ ಗುಂಡಿಗೆ ಬಲಿಯಾದರು. ಸಿಂಹಗಳ ನಡುವೆ ಬಾಳಿದ ಇಬ್ಬರೂ ಸತ್ತದ್ದು ಮನುಷ್ಯರ ಕೈಯಲ್ಲಿ.

ಆದರೆ ಒಳ್ಳೆಯದೂ ಹುಟ್ಟಿತು. ಪಾತ್ರ ವಹಿಸಿದ ಮೆಕೆನ್ನಾ ಮತ್ತು ಟ್ರಾವರ್ಸ್ ಬಣ್ಣ ತೊಳೆದುಕೊಂಡು ಸುಮ್ಮನಾಗಲಿಲ್ಲ. 1969ರ ಇನ್ನೊಂದು ಚಿತ್ರದಲ್ಲಿ ಅವರೊಡನೆ ಅಭಿನಯಿಸಿದ್ದ ಪೋಲೆ ಪೋಲೆ ಎಂಬ ಆನೆಮರಿ ಲಂಡನ್ನಿನ ಮೃಗಾಲಯ ಸೇರಿ 1983ರಲ್ಲಿ ಸತ್ತಿತು. ಆ ದುಃಖದಿಂದ ಮರುವರ್ಷವೇ, ಸೆರೆಯಲ್ಲಿರುವ ಪ್ರಾಣಿಗಳಿಗಾಗಿ ಒಂದು ಸಂಸ್ಥೆ ಕಟ್ಟಿದರು. ಅದೇ ಮುಂದೆ ಬಾರ್ನ್ ಫ್ರೀ ಪ್ರತಿಷ್ಠಾನವಾಯಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಯುರೋಪಿನ ಬೋನುಗಳಿಂದ ಬಿಡಿಸಿದ ಕೆಲವು ಹುಲಿಗಳನ್ನು ಆ ಸಂಸ್ಥೆ ನಮ್ಮ ಬನ್ನೇರುಘಟ್ಟಕ್ಕೆ ತಂದು ನೆಲೆಗೊಳಿಸಿತು. ಅವನ್ನು ಕಾಡಿಗೆ ಬಿಡುವಂತಿರಲಿಲ್ಲ. ಬೇಟೆಯಾಡಿ ಬದುಕುವ ವಿದ್ಯೆ ಅವಕ್ಕೆ ತಿಳಿದಿರಲಿಲ್ಲ. ಉಳಿದ ಆಯುಷ್ಯವನ್ನು ಮರ, ಬಿಸಿಲು, ಮಣ್ಣಿನ ನಡುವೆ ಕಳೆಯಲು ಅವಕಾಶ ಸಿಕ್ಕಿತು, ಅಷ್ಟೇ.

ಮರಿ ಕಂಡರೆ ಏನು ಮಾಡಬೇಕು?

ನಮ್ಮ ಮಗಳು ಈಗ ಅರಣ್ಯ ಇಲಾಖೆಯಲ್ಲಿದ್ದಾಳೆ. ಅವಳಿಂದ ಕೇಳಿ ತಿಳಿದದ್ದನ್ನು ಇಲ್ಲಿ ಹೇಳುವುದು ಒಳ್ಳೆಯದು. ಜಿಂಕೆ, ಕಡವೆಗಳ ತಾಯಿ ಎಳೆಮರಿಯನ್ನು ಪೊದೆಯಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಅಂಥ ಮರಿ ಅನಾಥವಲ್ಲ. ಕಬ್ಬಿನ ಗದ್ದೆಯಲ್ಲಿ ಕಟಾವಿನ ಹೊತ್ತಿಗೆ ಚಿರತೆಯ ಮರಿಗಳು ಸಿಗುವುದುಂಟು. ಅವುಗಳ ತಾಯಿಯೂ ಹೆಚ್ಚಿನ ಸಲ ಹತ್ತಿರದಲ್ಲೇ ಇರುತ್ತದೆ. ಮುಟ್ಟಬೇಡಿ, ಎತ್ತಿಕೊಳ್ಳಬೇಡಿ, ಫೋಟೋ ತೆಗೆಯಲು ಗುಂಪು ಕೂಡಬೇಡಿ. ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ. ಸಿಕ್ಕ ಜಾಗದಲ್ಲೇ ಮರಿಗಳನ್ನು ಇಟ್ಟು ಜನ ಸರಿದರೆ, ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋದ ಉದಾಹರಣೆಗಳು ಎಷ್ಟೋ ಇವೆ. 1972ರ ಕಾಯಿದೆಯ ಪ್ರಕಾರ ಕಾಡುಪ್ರಾಣಿಯನ್ನು ಮನೆಯಲ್ಲಿ ಸಾಕುವುದು ಅಪರಾಧ. ಎಷ್ಟೋ ಮನೆಗಳ ಜಗಲಿಯಲ್ಲಿ ಪಂಜರದೊಳಗೆ ಕೂತ ನಮ್ಮ ಕಾಡಿನ ಗಿಣಿಗೂ ಈ ಮಾತು ಅನ್ವಯಿಸುತ್ತದೆ.

ಈ ರಜೆಯಲ್ಲಿ ಅವಕಾಶವಾದರೆ ಮಕ್ಕಳೊಂದಿಗೆ ಈ ಚಿತ್ರ ನೋಡಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಎಲ್ಸಾ ಮೃಗಾಲಯದಲ್ಲಿದ್ದಿದ್ದರೆ ಇನ್ನೂ ಹತ್ತು ವರ್ಷ ಬದುಕುತ್ತಿದ್ದಳೇನೋ, ಆದರೂ ಅವಳನ್ನು ಬಿಟ್ಟದ್ದು ಸರಿಯೇ? ಅವಸರದಿಂದ ನಿಮ್ಮ ಉತ್ತರ ಹೇಳಿಬಿಡಬೇಡಿ. ಹದಿನಾರು ಹದಿನೇಳು ವರ್ಷದ ಮಕ್ಕಳು ಏನೆನ್ನುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿ. ಅವರು ಸಿಂಹದ ಬಗ್ಗೆ ಮಾತಾಡುತ್ತಿರುವಂತೆ ಕಂಡರೂ ತಮ್ಮ ಬಗ್ಗೆಯೇ ಹೇಳುತ್ತಿರುತ್ತಾರೆ.

ಮೇರು ಈಗ ರಾಷ್ಟ್ರೀಯ ಉದ್ಯಾನ. ಅಲ್ಲಿ ಹೊಳೆಯ ದಂಡೆಯಲ್ಲಿ ಎಲ್ಸಾಳ ಸಮಾಧಿ ಇದೆ. ಜಾಯ್ ತೀರಿಕೊಂಡ ಮೇಲೆ ಆಕೆಯ ಚಿತಾಭಸ್ಮವನ್ನೂ ಅಲ್ಲಿ ಇರಿಸಲಾಯಿತು. ಮಗಳನ್ನು ಕಾಡಿಗೆ ಕಳಿಸಿಕೊಟ್ಟ ತಾಯಿ ಕೊನೆಗೆ ತಾನೇ ಅವಳಿದ್ದಲ್ಲಿಗೆ ಹೋದಳು.